ಆಲೆಮನೆ ಗೇರ್‌ಬಾಕ್ಸ್‌ಗೆ ಯಾವ ಸ್ಟೀಲ್? ಒಂದು ಪಿನಿಯನ್, ಒಂದು ಶಾಫ್ಟ್‌ನ ಪ್ರಕರಣ

ಮಂಡ್ಯ ಕಡೆಯ ಒಂದು ಆಲೆಮನೆ. ಗಾಣ ಓಡಿಸಲು 20 ಎಚ್‌ಪಿ ಮೋಟಾರ್ ಇದೆ. ಮೋಟಾರ್‌ನಿಂದ ಬೆಲ್ಟ್, ಬೆಲ್ಟ್‌ನಿಂದ ಎರಡು ಹಂತದ ಗೇರ್‌ಬಾಕ್ಸ್, ಅಲ್ಲಿಂದ ಗಾಣದ ರೋಲರ್‌ಗಳು. ಗೇರ್‌ಬಾಕ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು. ಯಾರು ಮಾಡಿದ್ದು ಅಂತ ಗೊತ್ತಿಲ್ಲ, ಡ್ರಾಯಿಂಗ್ ಇಲ್ಲ. ಅದರ ನಡುವಿನ ಶಾಫ್ಟ್ ಮುರಿದಾಗ ತುಂಡುಗಳನ್ನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ಗೆ ತಂದರು. "ಇದೇ ಥರ ಮಾಡಿಕೊಡಿ" ಅಂದರು.

ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸ್ಟೀಲ್, ಅಳತೆ, ಕೆಟ್ಟ ರೀತಿ, ತೆಗೆದುಕೊಂಡ ತೀರ್ಮಾನಗಳು ಇದ್ದಂತೆಯೇ ಇವೆ. ಇಂಥದ್ದೇ ಕೆಲಸ ಮಾಡುವ ಎಷ್ಟೋ ಸಣ್ಣ ಶಾಪ್‌ಗಳಿವೆ. ಅಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಲೋಡ್ ಎಷ್ಟಿತ್ತು ಅಂತ ನೋಡೋಣ. 20 ಎಚ್‌ಪಿ ಅಂದರೆ ಸುಮಾರು 15 ಕಿಲೋವ್ಯಾಟ್. ಗೇರ್‌ಬಾಕ್ಸ್‌ಗೆ 600 ಆರ್‌ಪಿಎಂ ಬರುತ್ತದೆ. ಎರಡು ಹಂತದಲ್ಲೂ 18 ಹಲ್ಲಿನ ಪಿನಿಯನ್ (ಸಣ್ಣ ಗೇರ್), 72 ಹಲ್ಲಿನ ದೊಡ್ಡ ಗೇರ್. ಹಾಗಾಗಿ ನಡುವಿನ ಶಾಫ್ಟ್ 150 ಆರ್‌ಪಿಎಂನಲ್ಲಿ ತಿರುಗುತ್ತದೆ. ಅದರ ಮೇಲಿನ ಟಾರ್ಕ್ (ತಿರುಚುವ ಬಲ) ಸುಮಾರು 950 ನ್ಯೂಟನ್ ಮೀಟರ್. ಎರಡನೇ ಹಂತದ ಪಿನಿಯನ್ 5 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ), ಅಗಲ 60 ಮಿಮೀ. ಲೆಕ್ಕ ಹಾಕಿದರೆ ಅದರ ಹಲ್ಲಿನ ಮೇಲೆ ಎರಡು ಟನ್‌ಗೂ ಸ್ವಲ್ಪ ಜಾಸ್ತಿ ತಳ್ಳುವ ಬಲ ಬರುತ್ತದೆ. ಇದು ಸಮನಾಗಿ ಓಡುವಾಗಿನ ಮಾತು. ಗಾಣ ಎಲ್ಲಿ ಸಮನಾಗಿ ಓಡುತ್ತದೆ? ಒಂದು ಹಿಡಿ ಕಬ್ಬು ಜಾಸ್ತಿ ಕೊಟ್ಟರೆ ರೋಲರ್ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಆ ಏಟೆಲ್ಲ ಹಿಂದಕ್ಕೆ ಬಂದು ಬೀಳುವುದು ಈ ಪಿನಿಯನ್ ಮೇಲೇ.

ಇನ್ನೊಂದು ಅಂಕಿ ನೆನಪಿಟ್ಟುಕೊಳ್ಳಿ. 150 ಆರ್‌ಪಿಎಂ ಅಂದರೆ ನಿಧಾನ ಅನ್ನಿಸುತ್ತದೆ. ದಿನಕ್ಕೆ 10 ಗಂಟೆ ಓಡಿದರೆ ಶಾಫ್ಟ್ 90,000 ಸಲ ತಿರುಗುತ್ತದೆ. ಎರಡು ವಾರ ತುಂಬುವ ಮೊದಲೇ ಹತ್ತು ಲಕ್ಷ ಸುತ್ತು ದಾಟುತ್ತದೆ. ಪ್ರತಿ ಸುತ್ತಿಗೂ ಶಾಫ್ಟ್ ಒಂದು ಸಲ ಆಚೆ, ಒಂದು ಸಲ ಈಚೆ ಬಗ್ಗುತ್ತದೆ.

ಮೊದಲ ಪ್ರಯತ್ನ: ಇದ್ದದ್ದರ ನಕಲು

ಹಳೆಯ ತುಂಡನ್ನು ಫೈಲ್‌ನಲ್ಲಿ ಉಜ್ಜಿ ನೋಡಿದರೆ ಮೆತ್ತಗಿತ್ತು. ಇಎನ್ 8 (ಇಎನ್ ಅಂದರೆ ಸ್ಟೀಲ್ ಜಾತಿಯ ಗುರುತು) ಇರಬೇಕು ಅಂತ ಅಂದಾಜು ಮಾಡಿ ಶಾಪ್‌ನವರು ಇಎನ್ 8 ರೌಂಡ್ ಬಾರ್‌ನಲ್ಲೇ ಶಾಫ್ಟ್, ಪಿನಿಯನ್ ಎರಡನ್ನೂ ಮಾಡಿಕೊಟ್ಟರು. ಶಾಫ್ಟ್ 50 ಮಿಮೀ, ಅದರ ಮೇಲೆ ಪಿನಿಯನ್ ಕೂರಿಸಿ 14 ಮಿಮೀ ಕೀ (ಪಿನಿಯನ್ ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ತುಂಡು) ಹಾಕಿದ್ದರು. ಗಡಸು ಮಾಡುವ ಕೆಲಸ ಏನೂ ಇರಲಿಲ್ಲ.

ಇಎನ್ 8 ಕೆಟ್ಟ ಸ್ಟೀಲ್ ಅಲ್ಲ. ಶೇ 0.4ರ ಆಸುಪಾಸು ಕಾರ್ಬನ್ ಇರುವ ಸಾದಾ ಸ್ಟೀಲ್. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಲೇತ್‌ನಲ್ಲಿ ಚೆನ್ನಾಗಿ ಕಟ್ ಆಗುತ್ತದೆ. ಆದರೆ ಬಂದ ಹಾಗೇ ಬಳಸಿದರೆ ಗಡಸುತನ 200 ಬಿಎಚ್‌ಎನ್ (ಬ್ರಿನೆಲ್ ಗಡಸುತನದ ಅಳತೆ) ಆಸುಪಾಸಿನಲ್ಲಿರುತ್ತದೆ. ಈ ಪಿನಿಯನ್‌ನ ಹಲ್ಲುಗಳು ಒಂದಕ್ಕೊಂದು ಒತ್ತುವ ಜಾಗದಲ್ಲಿ ಸ್ಟ್ರೆಸ್ ಸುಮಾರು 950 ಮೆಗಾಪಾಸ್ಕಲ್. ಏಟು ಬಿದ್ದಾಗ 1,250ರ ಹತ್ತಿರ ಹೋಗುತ್ತದೆ. ಅಷ್ಟು ಮೆತ್ತಗಿನ ಹಲ್ಲು ಅದರ ಅರ್ಧದಷ್ಟನ್ನು ತಡೆದರೆ ಹೆಚ್ಚು.

ಆದದ್ದೂ ಹಾಗೇ. ಸೀಸನ್ ಮುಗಿಯುವ ಮೊದಲೇ ಹಲ್ಲಿನ ನಡುಭಾಗದಲ್ಲಿ ಸಣ್ಣ ಸಣ್ಣ ಗುಳಿ ಎದ್ದವು. ಸದ್ದು ಜಾಸ್ತಿಯಾಯಿತು. ಕೊನೆಗೆ ಶಾಫ್ಟ್ ಮತ್ತೆ ಮುರಿಯಿತು, ಹಿಂದೆ ಮುರಿದಿದ್ದ ಜಾಗದಲ್ಲೇ.

ಎರಡನೇ ಪ್ರಯತ್ನ: ಇಎನ್ 24 ಹಾಕಿ

ಶಾಫ್ಟ್ ಮುರಿದರೆ ಇಎನ್ 24 ಹಾಕಿ ಅನ್ನುವುದು ನಮ್ಮ ಶಾಪ್‌ಗಳಲ್ಲಿ ರೂಢಿ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಮೂರೂ ಇರುವ ಸ್ಟೀಲ್. ದಪ್ಪ ಬಾರ್‌ನಲ್ಲೂ ಒಳಗಿನವರೆಗೆ ಗಡಸಾಗುತ್ತದೆ. ಗಡಸು ಮಾಡಿ ಟೆಂಪರ್ ಮಾಡಿದ (ಬಿರುಸು ಕಡಿಮೆಯಾಗಲು ಮತ್ತೆ ಹದವಾಗಿ ಕಾಯಿಸಿದ) ಬಾರ್ ಆಗಿಯೇ ಸಿಗುತ್ತದೆ, ಆ ಸ್ಥಿತಿಯಲ್ಲಿ 248ರಿಂದ 302 ಬಿಎಚ್‌ಎನ್ ಇರುತ್ತದೆ. ಅದನ್ನು ಟರ್ನಿಂಗ್, ಹಾಬಿಂಗ್ (ಹಲ್ಲು ಕಡಿಯುವುದು) ಮಾಡಿ ನೇರವಾಗಿ ಜೋಡಿಸಬಹುದು. ಮತ್ತೆ ಹೀಟ್ ಟ್ರೀಟ್‌ಮೆಂಟ್‌ಗೆ ಕಳಿಸಬೇಕಾಗಿಲ್ಲ, ಸೊಟ್ಟಗಾಗುವ ಭಯವಿಲ್ಲ. ಶಾಪ್‌ನವರು ಅದನ್ನೇ ತಂದರು. ಅಳತೆ, ಆಕಾರ ಎಲ್ಲ ಹಿಂದಿನಂತೆಯೇ.

ಈ ಸಲ ಶಾಫ್ಟ್ ಉಳಿಯಿತು, ಪಿನಿಯನ್ ಒಡೆಯಿತು. ಹಲ್ಲಿನ ಗುಳಿಗಳು ಸ್ವಲ್ಪ ತಡವಾಗಿ ಬಂದವು, ಅಷ್ಟೇ. ಆಮೇಲೆ ಒಂದು ದಿನ ಪಿನಿಯನ್ ಎರಡು ಹೋಳಾಯಿತು. ಆಲೆಮನೆಯಲ್ಲಿ ಕಡಿದು ತಂದಿದ್ದ ಕಬ್ಬು ಹಾಗೇ ಬಿದ್ದಿತ್ತು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಹಾಲು ಹುಳಿಯುತ್ತದೆ, ಬೆಲ್ಲದ ಬಣ್ಣ ಕೆಡುತ್ತದೆ. ನನ್ನನ್ನು ಕರೆದದ್ದು ಆಗ.

ವರ್ಕ್‌ಶಾಪ್ ಮಾಲೀಕರು ಕೇಳಿದ ಮೊದಲ ಪ್ರಶ್ನೆ: "ಸಾರ್, ಇಎನ್ 24ಕ್ಕಿಂತ ಸ್ಟ್ರಾಂಗ್ ಯಾವುದಿದೆ?"

ಈ ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಮೂರನೇ ಸಲವೂ ಒಡೆಯುತ್ತಿತ್ತು ಅಂತ ನನ್ನ ಖಚಿತ ಅಭಿಪ್ರಾಯ. ಸ್ಟೀಲ್ ಹೆಸರು ಬದಿಗಿಟ್ಟು, ಒಡೆದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದೆವು. ಪುಣ್ಯಕ್ಕೆ ಯಾವುದನ್ನೂ ಗುಜರಿಗೆ ಹಾಕಿರಲಿಲ್ಲ.

ಒಡೆದ ತುಂಡುಗಳು ಹೇಳಿದ್ದು

ಮುರಿದ ಇಎನ್ 8 ಶಾಫ್ಟ್‌ನ ಮುಖದಲ್ಲಿ ಒಂದರ ಪಕ್ಕ ಒಂದು ಅರೆಸುತ್ತಿನ ಗೆರೆಗಳಿದ್ದವು. ಒಂದು ಮೂಲೆಯಿಂದ ಶುರುವಾಗಿ ಹರಡಿದ್ದವು. ಕೊನೆಯ ಸಣ್ಣ ಭಾಗ ಮಾತ್ರ ಒರಟಾಗಿತ್ತು. ಇದು ಒಂದೇ ಏಟಿಗೆ ಮುರಿದದ್ದಲ್ಲ, ದಿನಗಟ್ಟಲೆ ಬಿರುಕು ಬೆಳೆದು ಮುರಿದದ್ದು. ಶುರುವಾದ ಜಾಗ ಪಿನಿಯನ್ ಒರಗುವ ಶೋಲ್ಡರ್‌ನ (ಶಾಫ್ಟ್ ವ್ಯಾಸ ಬದಲಾಗುವ ಮೆಟ್ಟಿಲಿನ) ಮೂಲೆ. ಅಲ್ಲಿ ಟರ್ನರ್ ಚೂಪಾದ ಟೂಲ್‌ನಲ್ಲಿ ನೇರ ಮೂಲೆ ಬಿಟ್ಟಿದ್ದ. ಫಿಲೆಟ್ (ಮೂಲೆಯ ದುಂಡು ತಿರುವು) ಅನ್ನುವುದೇ ಇರಲಿಲ್ಲ. ಹಳೆಯ ತುಂಡಿನಲ್ಲೂ ಇರಲಿಲ್ಲ, ನಕಲಿಗೂ ಬಂದಿರಲಿಲ್ಲ.

ಇಎನ್ 24 ಅದೇ ಮೂಲೆಯಲ್ಲಿ ಹೆಚ್ಚು ತಡೆದುಕೊಂಡಿತ್ತು, ನಿಜ. ಆದರೆ ಕ್ರ್ಯಾಕ್ ಟೆಸ್ಟ್ ಮಾಡಿಸಿದಾಗ ಅಲ್ಲೂ ಕೂದಲೆಳೆಯ ಬಿರುಕು ಶುರುವಾಗಿತ್ತು. ಸ್ಟೀಲ್ ಗಟ್ಟಿಯಾದಷ್ಟೂ ಚೂಪು ಮೂಲೆಯನ್ನು ಕ್ಷಮಿಸುವುದಿಲ್ಲ. ಇದು ಬಹಳ ಜನ ಮರೆಯುವ ವಿಷಯ.

ಪಿನಿಯನ್ ಹೋಳಾದದ್ದು ಬೇರೆಯೇ ಕಾರಣಕ್ಕೆ. ಹಲ್ಲಿನ ಬುಡದ ವ್ಯಾಸ 77.5 ಮಿಮೀ. ಬೋರ್ (ನಡುವಿನ ತೂತು) 50 ಮಿಮೀ, ಅದರ ಮೇಲೆ ಕೀವೇ (ಕೀ ಕೂರುವ ಸೀಳು) 3.8 ಮಿಮೀ ಆಳ. ಕಳೆದು ನೋಡಿದರೆ ಕೀವೇ ಮತ್ತು ಹಲ್ಲಿನ ಬುಡದ ನಡುವೆ ಉಳಿದ ಲೋಹ 10 ಮಿಮೀ ಮಾತ್ರ. ಹಲ್ಲಿನ ಎತ್ತರವೇ 11.25 ಮಿಮೀ. ಕೆಳಗಿನ ರಿಮ್ ಹಲ್ಲಿನ ಎತ್ತರಕ್ಕಿಂತ ತೆಳ್ಳಗಿದ್ದರೆ ಹಲ್ಲಿನ ಜೊತೆ ರಿಮ್ ಕೂಡ ಬಗ್ಗುತ್ತದೆ. ಬಿರುಕು ಕೀವೇಯ ಮೂಲೆಯಿಂದ ಎದ್ದು ಸೀದಾ ಹಲ್ಲಿನ ಬುಡಕ್ಕೆ ಹೋಗಿತ್ತು. ಇದಕ್ಕೆ ಯಾವ ಸ್ಟೀಲೂ ಮದ್ದಲ್ಲ.

ಗುಳಿಗಳು ಮೂರನೇ ಕಥೆ. ಅವು ಹಲ್ಲಿನ ಪೂರ್ತಿ ಅಗಲಕ್ಕೆ ಇರಲಿಲ್ಲ, ಒಂದು ತುದಿಯ ಕಡೆಗೇ ಗುಂಪಾಗಿದ್ದವು. ಹೊಸ ಗೇರ್‌ಗೆ ಮಾರ್ಕಿಂಗ್ ಬ್ಲೂ (ತಾಗಿದ ಜಾಗ ತೋರಿಸುವ ನೀಲಿ ಬಣ್ಣ) ಹಚ್ಚಿ ಲೋಡ್ ಕೊಟ್ಟು ತಿರುಗಿಸಿದಾಗ ಅಗಲದ ಮೂರನೇ ಒಂದು ಭಾಗ ಮಾತ್ರ ತಾಗುತ್ತಿತ್ತು. ಶಾಫ್ಟ್ ಬಗ್ಗಿ ಹಲ್ಲು ವಾಲುತ್ತಿತ್ತು. 60 ಮಿಮೀ ಹೊರಬೇಕಾದ ಭಾರವನ್ನು 20 ಮಿಮೀ ಹೊರುತ್ತಿತ್ತು.

ಇಲ್ಲಿ ಮಾಲೀಕರಿಗೆ ನಂಬಲು ಕಷ್ಟವಾದ ಒಂದು ಮಾತು ಹೇಳಬೇಕಾಯಿತು. ಇಎನ್ 8 ಶಾಫ್ಟ್ ಎಷ್ಟು ಬಗ್ಗುತ್ತದೋ ಅದೇ ಲೋಡ್‌ಗೆ, ಅದೇ ಅಳತೆಯ ಇಎನ್ 24 ಶಾಫ್ಟ್ ಕೂಡ ಅಷ್ಟೇ ಬಗ್ಗುತ್ತದೆ. ಗಟ್ಟಿತನ ಬೇರೆ, ಬಗ್ಗದಿರುವ ಗುಣ ಬೇರೆ. ಎಲ್ಲ ಇಂಜಿನಿಯರಿಂಗ್ ಸ್ಟೀಲ್‌ಗಳ ಸ್ಥಿತಿಸ್ಥಾಪಕ ಗುಣಾಂಕ 205–210 ಗಿಗಾಪಾಸ್ಕಲ್ ಆಸುಪಾಸಿನಲ್ಲೇ ಇರುತ್ತದೆ. ನಿಕ್ಕಲ್ ಸೇರಿಸಿದರೂ ಅಷ್ಟೇ, ಗಡಸು ಮಾಡಿದರೂ ಅಷ್ಟೇ. ಬಗ್ಗುವುದು ಕಡಿಮೆಯಾಗಬೇಕಾದರೆ ವ್ಯಾಸ ಹೆಚ್ಚಿಸಬೇಕು, ಇಲ್ಲವೇ ಬೇರಿಂಗ್‌ಗಳನ್ನು ಹತ್ತಿರ ತರಬೇಕು. ವ್ಯಾಸದ ಪ್ರಭಾವ ನಾಲ್ಕನೇ ಘಾತದಲ್ಲಿ ಬರುತ್ತದೆ. 50 ಇದ್ದದ್ದು 60 ಆದರೆ ಬಗ್ಗುವುದು ಅರ್ಧಕ್ಕೆ ಇಳಿಯುತ್ತದೆ.

"ಹಾಗಾದ್ರೆ ಇಎನ್ 24ಕ್ಕೆ ಕೊಟ್ಟ ದುಡ್ಡು ದಂಡನಾ?" ಅಂತ ಕೇಳಿದರು. ಪೂರ್ತಿ ದಂಡ ಅಲ್ಲ. ಆದರೆ ಮೂರು ಕಾಯಿಲೆಯಲ್ಲಿ ಒಂದಕ್ಕೆ ಮಾತ್ರ, ಅದೂ ಅರ್ಧ ಮದ್ದಾಗಿತ್ತು.

ತೀರ್ಮಾನ ಎಲ್ಲಿ ತಿರುಗಿತು

ಕೇಸಿಂಗ್ ಬದಲಿಸುವಂತಿರಲಿಲ್ಲ, ಬೇರಿಂಗ್ ಜಾಗ ಹಾಗೇ ಉಳಿಯಬೇಕಿತ್ತು. ಹಾಗಾಗಿ ಆಕಾರದಲ್ಲಿ ಮಾಡಬಹುದಾದದ್ದನ್ನು ಮೊದಲು ಮುಗಿಸಿದೆವು. ಪಿನಿಯನ್ ಮತ್ತು ಶಾಫ್ಟ್ ಒಂದೇ ತುಂಡು ಆಗಲಿ ಅಂದೆವು. ಆಗ ಪಿನಿಯನ್‌ನ ಬೋರ್ ಇಲ್ಲ, ಕೀವೇ ಇಲ್ಲ, ತೆಳ್ಳಗಿನ ರಿಮ್ ಇಲ್ಲ, ಆ ಹಾಳು ಶೋಲ್ಡರ್ ಕೂಡ ಇಲ್ಲ. ಪಿನಿಯನ್ ಪಕ್ಕದ ಶಾಫ್ಟ್ 65 ಮಿಮೀ, ಮೊದಲ ಹಂತದ ಗೇರ್ ಕೂರುವ ಜಾಗ 60 ಮಿಮೀ, ಬೇರಿಂಗ್ ಜಾಗದಲ್ಲಿ ಮಾತ್ರ 50. ಪ್ರತಿ ಮೆಟ್ಟಿಲಿಗೂ ಫಿಲೆಟ್ ರೇಡಿಯಸ್ ಡ್ರಾಯಿಂಗ್‌ನಲ್ಲಿ ಬರೆದೆವು.

ಸ್ಟೀಲ್ ಪ್ರಶ್ನೆ ಬಂದದ್ದು ಇದಾದ ಮೇಲೆ. ಒಂದೇ ತುಂಡು ಆದ್ದರಿಂದ ಒಂದೇ ಸ್ಟೀಲ್ ಎರಡು ಕೆಲಸ ಮಾಡಬೇಕು. ಹಲ್ಲಿನ ಮೇಲ್ಮೈ ತುಂಬ ಗಡಸಾಗಿರಬೇಕು, ಶಾಫ್ಟ್ ಏಟು ತಡೆಯಬೇಕು. ಮೂರು ದಾರಿ ನೋಡಿದೆವು.

ಇಎನ್ 24ರಲ್ಲೇ ಮಾಡಿ ಹಲ್ಲಿಗೆ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್‌ನಿಂದ ಮೇಲ್ಮೈ ಮಾತ್ರ ಕಾಯಿಸಿ, ತಣಿಸಿ ಗಡಸು ಮಾಡುವುದು) ಮಾಡಿಸುವುದು ಒಂದು. 5 ಮಾಡ್ಯೂಲ್‌ನ ಸಣ್ಣ ಪಿನಿಯನ್‌ಗೆ ಹಲ್ಲಿನ ಬುಡದವರೆಗೂ ಸಮನಾಗಿ ಗಡಸು ಬರಿಸುವುದು ಸುಲಭವಲ್ಲ. ಗಡಸು ಭಾಗ ಬುಡದ ಹತ್ತಿರ ನಿಂತುಹೋದರೆ ಅಲ್ಲೇ ಬಿರುಕು ಹುಟ್ಟುತ್ತದೆ. ಜೊತೆಗೆ ಇಎನ್ 24 ಬೇಗ ಸೀಳುವ ಜಾತಿ, ನೀರಿನಲ್ಲಿ ತಣಿಸಿದರಂತೂ ಕೇಳಬೇಡಿ. ಬಿಟ್ಟೆವು.

ಕ್ರೋಮಿಯಂ, ಮಾಲಿಬ್ಡಿನಂ ಇರುವ ಇಎನ್ 19ಕ್ಕೆ ನೈಟ್ರೈಡಿಂಗ್ (ಮೇಲ್ಮೈಗೆ ನೈಟ್ರೋಜನ್ ಹಿಡಿಸಿ ಗಡಸು ಮಾಡುವುದು) ಎರಡನೆಯದು. ಸೊಟ್ಟಗಾಗುವುದಿಲ್ಲ, ಗ್ರೈಂಡಿಂಗ್ ಉಳಿಯುತ್ತದೆ. ಶಾಪ್‌ನವರಿಗೆ ಇದೇ ಇಷ್ಟವಿತ್ತು. ಆದರೆ ನೈಟ್ರೈಡಿಂಗ್‌ನಲ್ಲಿ ಸಿಗುವ ಗಡಸು ಪದರ ಸಾಮಾನ್ಯವಾಗಿ 0.3–0.4 ಮಿಮೀ. ಏಟು ತಿನ್ನುವ 5 ಮಾಡ್ಯೂಲ್ ಹಲ್ಲಿಗೆ ಅದು ಸಾಲದು. ಅತಿ ಹೆಚ್ಚು ಸ್ಟ್ರೆಸ್ ಬರುವುದು ಮೇಲ್ಮೈಯ ಸ್ವಲ್ಪ ಕೆಳಗೆ. ಪದರ ತೆಳ್ಳಗಿದ್ದರೆ ಅದರ ಕೆಳಗಿನ ಮೆತ್ತನೆ ಭಾಗ ಕುಸಿದು ಪದರವೇ ಚಕ್ಕೆಯಾಗಿ ಏಳುತ್ತದೆ. ಏಟಿಲ್ಲದ ಕನ್ವೇಯರ್ ಗೇರ್ ಆಗಿದ್ದರೆ ನಾನು ಒಪ್ಪುತ್ತಿದ್ದೆ.

ಉಳಿದದ್ದು ಕೇಸ್ ಹಾರ್ಡನಿಂಗ್ ಸ್ಟೀಲ್, ಅಂದರೆ ಮೇಲ್ಪದರ (ಕೇಸ್) ಮಾತ್ರ ತುಂಬ ಗಡಸಾಗುವ ಸ್ಟೀಲ್. ಇಎನ್ 353 ಆರಿಸಿದೆವು. ಕಾರ್ಬನ್ ಶೇ 0.2ರ ಒಳಗೆ, ಜೊತೆಗೆ ನಿಕ್ಕಲ್, ಕ್ರೋಮಿಯಂ, ಸ್ವಲ್ಪ ಮಾಲಿಬ್ಡಿನಂ. 900 ಡಿಗ್ರಿಗೂ ಮೇಲೆ ಕಾರ್ಬುರೈಸ್ ಮಾಡಿ (ಮೇಲ್ಮೈಗೆ ಕಾರ್ಬನ್ ಹಿಡಿಸಿ) ಎಣ್ಣೆಯಲ್ಲಿ ತಣಿಸಿದರೆ ಮೇಲ್ಮೈ 58–62 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ಬರುತ್ತದೆ, ಒಳಭಾಗ ಏಟು ತಡೆಯುವ ಹದದಲ್ಲೇ ಉಳಿಯುತ್ತದೆ. ಇಂಥ ಹಲ್ಲಿನ ಮೇಲ್ಮೈ 1,500 ಮೆಗಾಪಾಸ್ಕಲ್‌ವರೆಗೆ ತಡೆಯುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ನಮ್ಮ 1,250ಕ್ಕೆ ಅಂತರ ಸಿಕ್ಕಿತು. ಇಎನ್ 36 ಇನ್ನೂ ಒಳ್ಳೆಯದು, ಅದರಲ್ಲಿ ನಿಕ್ಕಲ್ ಶೇ 3ಕ್ಕೂ ಹೆಚ್ಚು. ಆದರೆ ಈ ಅಳತೆಗೆ ಅಷ್ಟು ಬೇಕಿರಲಿಲ್ಲ, ಒಂದೆರಡು ತುಂಡಿಗೆ ಬಾರ್ ಸಿಗುವುದೂ ಕಷ್ಟ.

ಎದುರಿನ 72 ಹಲ್ಲಿನ ಗೇರ್ 370 ಮಿಮೀ ವ್ಯಾಸದ್ದು. ಅದನ್ನೂ ಕಾರ್ಬುರೈಸ್ ಮಾಡಿದರೆ ಸೊಟ್ಟಗಾಗುವುದನ್ನು ಹಿಡಿದಿಡುವುದು ಕಷ್ಟ, ಗ್ರೈಂಡಿಂಗ್ ಖರ್ಚೂ ಜಾಸ್ತಿ. ಅದರ ಪ್ರತಿ ಹಲ್ಲು ಪಿನಿಯನ್ ಹಲ್ಲಿನ ಕಾಲು ಭಾಗದಷ್ಟು ಸಲ ಮಾತ್ರ ಲೋಡ್ ಹೊರುತ್ತದೆ. ಅದಕ್ಕೆ ಇಎನ್ 19 ಹಾಕಿ, ಮೊದಲು ಒಳಗಿನವರೆಗೆ ಗಡಸು ಮಾಡಿ ಟೆಂಪರ್ ಮಾಡಿಸಿ, ಆಮೇಲೆ ಒಂದೊಂದೇ ಹಲ್ಲಿಗೆ ಇಂಡಕ್ಷನ್ ಮಾಡಿಸಿ 50–54 ಎಚ್‌ಆರ್‌ಸಿಗೆ ತಂದೆವು. ಪಿನಿಯನ್‌ಗೆ ಬೇಡ ಅಂದದ್ದನ್ನು ದೊಡ್ಡ ಗೇರ್‌ಗೆ ಯಾಕೆ ಒಪ್ಪಿದೆವು? ದೊಡ್ಡ ಗೇರ್‌ನಲ್ಲಿ ಹಲ್ಲುಗಳ ನಡುವೆ ಇಂಡಕ್ಟರ್ ಇಳಿಸಿ ಬುಡದವರೆಗೆ ಕಾಯಿಸುವುದು ಸುಲಭ, ಮತ್ತು ಇಎನ್ 19 ಈ ಕೆಲಸಕ್ಕೆ ಇಎನ್ 24ರಷ್ಟು ಹಠ ಮಾಡುವುದಿಲ್ಲ.

ಮೊದಲ ತುಂಡು ಯಾಕೆ ಜೋಡಿಸಲಿಲ್ಲ

ಸ್ಟೀಲ್ ಸರಿಯಾಗಿ ಆರಿಸಿದ ಮೇಲೂ ಮೊದಲ ಪಿನಿಯನ್ ಶಾಫ್ಟ್ ಕೈಕೊಟ್ಟಿತು. ಡ್ರಾಯಿಂಗ್‌ನಲ್ಲಿ ಕೇಸ್ 0.8–1.0 ಮಿಮೀ ಅಂತ ಇತ್ತು. ಗ್ರೈಂಡಿಂಗ್‌ಗೆ ಮೊದಲೋ, ಆಮೇಲೋ ಅಂತ ಇರಲಿಲ್ಲ. ಹೀಟ್ ಟ್ರೀಟ್‌ಮೆಂಟ್‌ನವರು 0.9 ಕೊಟ್ಟರು. ಜೊತೆಗಿಟ್ಟಿದ್ದ ಟೆಸ್ಟ್ ಪೀಸ್ ಕತ್ತರಿಸಿ ನೋಡಿದಾಗ ಅದು ಖಾತ್ರಿಯಾಯಿತು. ಅವರ ಕೆಲಸದಲ್ಲಿ ಕುಂದಿಲ್ಲ. ಆದರೆ ಶಾಫ್ಟ್ ಸುಮಾರು ಕಾಲು ಮಿಲಿಮೀಟರ್ ಬಾಗಿ ಬಂದಿತ್ತು. ಹಲ್ಲು ಗ್ರೈಂಡ್ ಮಾಡುವಾಗ ಕೆಲವು ಹಲ್ಲುಗಳ ಒಂದು ಬದಿಯಿಂದ 0.35 ಮಿಮೀ ಹೋಯಿತು, ಇನ್ನೊಂದು ಬದಿಯಿಂದ ಬರೀ 0.05. ಕೆಲವು ಕಡೆ ಉಳಿದ ಕೇಸ್ 0.55.

ಮೇಲ್ಮೈ ಗಡಸುತನ ಎಲ್ಲ ಕಡೆಯೂ 59–60 ತೋರಿಸುತ್ತಿತ್ತು. ಬರೀ ಆ ಟೆಸ್ಟ್ ನಂಬಿದ್ದರೆ ಪಾಸ್ ಮಾಡಿಬಿಡುತ್ತಿದ್ದೆವು. ಸೀಸನ್ ತಲೆಮೇಲಿತ್ತು, ಆಲೆಮನೆಯವರು ದಿನಾ ಫೋನ್ ಮಾಡುತ್ತಿದ್ದರು. ಮಾಲೀಕರು ಒಂದಿಡೀ ದಿನ ಯೋಚಿಸಿ, ಜೋಡಿಸುವುದು ಬೇಡ ಅಂದರು. ತುರ್ತಿಗೆ ಸ್ಪೇರ್ ಆಗಿ ಎಣ್ಣೆ ಹಚ್ಚಿ ಇಟ್ಟರು. ಈ ಇಡೀ ಪ್ರಕರಣದಲ್ಲಿ ನಾನು ಹೆಚ್ಚು ಗೌರವಿಸುವ ತೀರ್ಮಾನ ಅದು. ಕೈಯಲ್ಲಿ ತಯಾರಾದ ತುಂಡು ಹಿಡಿದು ಗಿರಾಕಿಗೆ ಇನ್ನೂ ಕಾಯಿರಿ ಅನ್ನುವುದು ಸುಲಭದ ಮಾತಲ್ಲ.

ಎರಡನೇ ತುಂಡಿಗೆ ಕ್ರಮ ಬದಲಾಯಿತು. ರಫ್ ಟರ್ನಿಂಗ್ ಆದ ಮೇಲೆ ಸ್ಟ್ರೆಸ್ ರಿಲೀವ್ (ಒಳಗೆ ಉಳಿದ ಒತ್ತಡ ಇಳಿಸಲು ಕಾಯಿಸುವುದು) ಮಾಡಿಸಿದೆವು. ಕೇಸ್ ಗ್ರೈಂಡಿಂಗ್‌ಗೆ ಮೊದಲು 1.1–1.3, ಆಮೇಲೆ ಉಳಿಯಬೇಕಾದದ್ದು 0.8ಕ್ಕೆ ಕಡಿಮೆ ಇಲ್ಲ ಅಂತ ಎರಡನ್ನೂ ಬರೆದೆವು. ಕುಲುಮೆಯಲ್ಲಿ ಮಲಗಿಸದೆ ನೇತುಹಾಕಲು ಕೇಳಿಕೊಂಡೆವು. ಥ್ರೆಡ್ ಮತ್ತು ಕೀವೇ ಇರುವ ಜಾಗಕ್ಕೆ ಕಾರ್ಬನ್ ಹಿಡಿಯದ ಪೇಸ್ಟ್ ಹಚ್ಚಿಸಿದೆವು, ಇಲ್ಲದಿದ್ದರೆ ಥ್ರೆಡ್ ಗಾಜಿನಂತೆ ಉದುರುತ್ತದೆ. ವಾಪಸ್ ಬಂದ ಮೇಲೆ ಸೆಂಟರ್‌ಗಳನ್ನು ಮತ್ತೆ ಸರಿಮಾಡಿ, ಹಲ್ಲನ್ನೇ ಆಧಾರವಾಗಿ ಹಿಡಿದು ರನೌಟ್ (ತಿರುಗುವಾಗಿನ ಓಲಾಟ) ಹಂಚಿ, ಆಮೇಲೆ ಗ್ರೈಂಡಿಂಗ್. ಕೊನೆಗೆ ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್.

ನಡುವೆ ಇನ್ನೊಂದು ಅಡ್ಡಿ ಬಂತು. ಎರಡನೇ ಸಲ ತಂದ ಎರಡು ಬಾರ್‌ಗಳಲ್ಲಿ ಒಂದಕ್ಕೆ ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚ್‌ನ ಸಂಖ್ಯೆ) ಇರಲಿಲ್ಲ, ಟೆಸ್ಟ್ ಸರ್ಟಿಫಿಕೇಟ್ ಜೊತೆ ತಾಳೆ ಹಾಕಲು ಆಗಲಿಲ್ಲ. ಲ್ಯಾಬ್‌ನಲ್ಲಿ ಸ್ಪೆಕ್ಟ್ರೋ (ಯಾವ ಧಾತು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಮಾಡಿಸಿದರೆ ನಿಕ್ಕಲ್ ಹೆಸರಿಗಷ್ಟೇ ಇತ್ತು. ಮ್ಯಾಂಗನೀಸ್ ಶೇ 1.2, ಕ್ರೋಮಿಯಂ ಶೇ 1.1. ಅದು 20ಎಂಎನ್‌ಸಿಆರ್5. ಅದೂ ಒಳ್ಳೆಯ ಕೇಸ್ ಹಾರ್ಡನಿಂಗ್ ಸ್ಟೀಲೇ. ಆದರೆ ಇಎನ್ 353 ಅಂತ ಚೀಟಿ ಹಾಕಿ ಕುಲುಮೆಗೆ ಕಳಿಸಿದ್ದರೆ ಒಳಭಾಗದ ಗಡಸುತನ ಬೇರೆ ಬಂದು, ಯಾಕೆ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಬಾರ್‌ಗೆ ಬಣ್ಣ ಬಳಿದು ಬೇರೆ ಇಟ್ಟು, ಲೋಡ್ ಕಡಿಮೆ ಇರುವ ಮೊದಲ ಹಂತದ ಪಿನಿಯನ್‌ಗೆ ಬಳಸಿದೆವು.

ಆಮೇಲೆ ಏನಾಯಿತು

ಗೇರ್‌ಬಾಕ್ಸ್ ಎರಡು ಸೀಸನ್ ಓಡಿದೆ. ಮೊದಲ ಸೀಸನ್ ನಂತರ ಮುಚ್ಚಳ ತೆಗೆದು ನೋಡಿದಾಗ ಹಲ್ಲಿನ ತಾಗು ಗುರುತು ಅಗಲದ ಮುಕ್ಕಾಲು ಭಾಗಕ್ಕೂ ಜಾಸ್ತಿ ಇತ್ತು. ಪಿನಿಯನ್ ಹಲ್ಲಿನಲ್ಲಿ ಗುಳಿ ಇರಲಿಲ್ಲ. ದೊಡ್ಡ ಗೇರ್‌ನ ಕೆಲವು ಹಲ್ಲಿನಲ್ಲಿ ಮಂಕಾದ ಸಣ್ಣ ಚುಕ್ಕೆಗಳಿದ್ದವು, ಎರಡನೇ ಸೀಸನ್‌ನಲ್ಲಿ ಅವು ಬೆಳೆದಿಲ್ಲ. ಶಾಫ್ಟ್‌ನ ಫಿಲೆಟ್‌ಗಳಲ್ಲಿ ಬಿರುಕಿಲ್ಲ.

ಇದರಲ್ಲಿ ಸ್ಟೀಲ್‌ನ ಪಾಲು ಎಷ್ಟು, ಆಕಾರದ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಜೊತೆಗೆ ಎಣ್ಣೆಯನ್ನೂ ಬದಲಿಸಿದ್ದೆವು. ಮುಂಚೆ ಕೈಗೆ ಸಿಕ್ಕ ಇಂಜಿನ್ ಆಯಿಲ್ ಹಾಕುತ್ತಿದ್ದರು, ಈಗ 320 ಗ್ರೇಡ್ ಗೇರ್ ಆಯಿಲ್. ಎಲ್ಲ ಒಟ್ಟಿಗೆ ಬದಲಾದದ್ದರಿಂದ ಕೀರ್ತಿಯನ್ನು ಇಎನ್ 353ಕ್ಕೆ ಮಾತ್ರ ಕೊಡಬೇಡಿ. ನನ್ನ ಅಂದಾಜಿನಲ್ಲಿ ಶಾಫ್ಟ್ ಉಳಿಸಿದ್ದು ಫಿಲೆಟ್ ಮತ್ತು ವ್ಯಾಸ. ಹಲ್ಲು ಉಳಿಸಿದ್ದು ಕೇಸ್ ಮತ್ತು ಸರಿಯಾದ ತಾಗು ಗುರುತು.

ಖರ್ಚಿನ ಲೆಕ್ಕ ಕೂಡ ಹೇಳಬೇಕು, ಯಾಕೆಂದರೆ ಸಣ್ಣ ಶಾಪ್‌ಗಳಲ್ಲಿ ಮಾತು ನಿಲ್ಲುವುದು ಅಲ್ಲೇ. ಈ ತುಂಡಿಗೆ ಬೇಕಾದ 105 ಮಿಮೀ ಬಾರ್ ಸುಮಾರು 22 ಕಿಲೋ. ಇಎನ್ 8ಕ್ಕೂ ಇಎನ್ 353ಕ್ಕೂ ಇರುವ ದರದ ವ್ಯತ್ಯಾಸವನ್ನು ಅಷ್ಟು ಕಿಲೋಗೆ ಗುಣಿಸಿದರೆ ಬರುವ ಮೊತ್ತ ದೊಡ್ಡದಲ್ಲ, ಗಾಣ ಒಂದು ದಿನ ನಿಂತರೆ ಆಗುವ ನಷ್ಟಕ್ಕಿಂತ ಕಡಿಮೆ. ನಿಜವಾದ ಖರ್ಚು ಕಾರ್ಬುರೈಸಿಂಗ್ ಮತ್ತು ಹಲ್ಲಿನ ಗ್ರೈಂಡಿಂಗ್. ಸ್ಟೀಲ್ ಆರಿಸುವಾಗ ಕಿಲೋ ದರ ಕೇಳುವವರು ಈ ಎರಡರ ಕೊಟೇಶನ್ ಕೂಡ ಜೊತೆಗೇ ಕೇಳಬೇಕು. ಹೀಟ್ ಟ್ರೀಟ್‌ಮೆಂಟ್‌ನವರನ್ನು ಬಾರ್ ಕೊಳ್ಳುವ ಮೊದಲೇ ಮಾತಾಡಿಸಬೇಕು. ಅವರ ಕುಲುಮೆಯಲ್ಲಿ ಯಾವುದು ಚೆನ್ನಾಗಿ ಬರುತ್ತದೆ ಅಂತ ಅವರಿಗೇ ಗೊತ್ತಿರುತ್ತದೆ.

ಅದೇ ಆಲೆಮನೆಯವರ ಪರಿಚಯದವರೊಬ್ಬರು ಆಮೇಲೆ ಬಂದು, ಕಬ್ಬಿನ ಸಿಪ್ಪೆ ಸಾಗಿಸುವ ಸಣ್ಣ ಕನ್ವೇಯರ್‌ಗೆ ಶಾಫ್ಟ್ ಬೇಕು, ಅದಕ್ಕೂ ಇಎನ್ 353 ಹಾಕಿ ಅಂದರು. 3 ಎಚ್‌ಪಿ ಮೋಟಾರ್, ಏಟಿಲ್ಲದ ಓಟ. ಶಾಪ್ ಮಾಲೀಕರು ಲೆಕ್ಕ ಹಾಕಿಸಿ, ಮೂಲೆಗಳಿಗೆ ಫಿಲೆಟ್ ಕೊಟ್ಟು, ಇಎನ್ 8ರಲ್ಲೇ ಮಾಡಿಕೊಟ್ಟರು.